ಕನ್ನಾಪೊಲಿಸ್‌ನ ಸಸಿಮಡಿ

ಕಳೆದ ವರ್ಷ ಜೂನ್ ತಿಂಗಳ ಒಂದು ಸಂಜೆ. ಬೇಸ್‌ಬಾಲ್ ಆಟ ಶುರುವಾಗಲು ಇನ್ನೂ ಅರ್ಧ ಗಂಟೆಯಿತ್ತು. ಚೆಂಡೆಸೆಯುವ ಪಿಚರ್‌ಗಳು ಅಭ್ಯಾಸ ಮಾಡುವ ಜಾಗವಾದ ಬುಲ್‌ಪೆನ್‌ನ ಬೇಲಿಗೆ ಮೂಗು ಒತ್ತಿಕೊಂಡು ನನ್ನ ಮಗಳು ನಿಂತಿದ್ದಳು, ಅವಳ ಹಿಂದೆ ನಾನು. ಒಳಗೆ ಇಪ್ಪತ್ತರ ಆಸುಪಾಸಿನ ಹುಡುಗನೊಬ್ಬ ಆಟಕ್ಕೆ ಮುಂಚೆ ಕೈ ಬಿಸಿ ಮಾಡಿಕೊಳ್ಳುತ್ತಿದ್ದ. ಡೊಮಿನಿಕನ್ ರಿಪಬ್ಲಿಕ್‌ನಿಂದ ಬಂದವನು. ಅವನ ಫಾಸ್ಟ್‌ಬಾಲ್ ಕ್ಯಾಚರ್‌ನ ಗ್ಲೌಸಿಗೆ ಬಡಿದಾಗ ಕೇಳುವ ಸದ್ದಿಗೆ ಮಗಳು ಪ್ರತಿ ಸಲ ಕಣ್ಣು ಮುಚ್ಚುತ್ತಿದ್ದಳು. ಆಮೇಲೆ ಕೋಚ್ ಏನೋ ಹೇಳಿದರು. ಹುಡುಗ ಚೆಂಡನ್ನು ಬೇರೆ ಥರ ಹಿಡಿದ. ಹೆಬ್ಬೆರಳು, ತೋರುಬೆರಳು ಸೇರಿ ಚೆಂಡಿನ ಪಕ್ಕದಲ್ಲಿ ಒಂದು ಉಂಗುರ. ಚೆಂಡು ನಿಂತದ್ದು ಉಳಿದ ಮೂರು ಬೆರಳಿನಲ್ಲಿ. ಚಿನ್ಮುದ್ರೆ ಹಿಡಿದ ಕೈಗೆ ಯಾರೋ ಚೆಂಡು ಕೊಟ್ಟ ಹಾಗಿತ್ತು. ಎಸೆದ. ಚೆಂಡು ಬ್ಯಾಟರ್ ನಿಲ್ಲುವ ಜಾಗಕ್ಕಿಂತ ಎರಡಡಿ ಮೊದಲೇ ನೆಲಕ್ಕೆ ಬಡಿದು ಮಣ್ಣು ಹಾರಿಸಿತು. ಮತ್ತೊಂದು, ಅದೂ ಮಣ್ಣಿಗೆ. ಮೂರನೆಯದೂ ಹಾಗೇ. ಕೋಚ್ ಮುಖದಲ್ಲಿ ಯಾವ ಬದಲಾವಣೆಯೂ ಇಲ್ಲ. ಜೇಬಿನಿಂದ ಇನ್ನೊಂದು ಚೆಂಡು ತೆಗೆದು ಕೊಟ್ಟರು, ಅಷ್ಟೆ.

ಆ ಎಸೆತದ ಹೆಸರು ಚೇಂಜ್‌ಅಪ್. ನಮ್ಮ ವೆಂಕಟೇಶ್ ಪ್ರಸಾದ್ ಎಸೆಯುತ್ತಿದ್ದ ಸ್ಲೋವರ್ ಬಾಲ್ ನೆನಪಿರುವವರಿಗೆ ಇದರ ಗುಟ್ಟು ಬಿಡಿಸಿ ಹೇಳಬೇಕಿಲ್ಲ. ಕೈ ಫಾಸ್ಟ್‌ಬಾಲ್‌ನಷ್ಟೇ ವೇಗವಾಗಿ ಬೀಸಬೇಕು, ಚೆಂಡು ಮಾತ್ರ ನಿಧಾನವಾಗಿ ಬರಬೇಕು. ಬ್ಯಾಟರ್ ಮೋಸಹೋಗುವುದು ಕೈಯನ್ನು ನೋಡಿ. ಕೇಳಲು ಸುಲಭ. ಕಲಿಯಲು ಕೆಲವರಿಗೆ ಒಂದು ತಿಂಗಳು, ಕೆಲವರಿಗೆ ನಾಲ್ಕು ವರ್ಷ, ಕೆಲವರಿಗೆ ಕೊನೆವರೆಗೂ ಒಲಿಯುವುದೇ ಇಲ್ಲ.

ಆಟ ಶುರುವಾಯಿತು. ಎರಡನೇ ಇನಿಂಗ್ಸ್‌ನಲ್ಲಿ ಅವನು ಅದೇ ಎಸೆತವನ್ನು ಒಬ್ಬನೇ ಬ್ಯಾಟರ್‌ಗೆ ಮೂರು ಸಲ ಎಸೆದ. ಮೂರನೆಯದು ಬೇಲಿಯಾಚೆ ಹುಲ್ಲುದಿಬ್ಬದ ಮೇಲೆ ಹೋಗಿ ಬಿತ್ತು. ಹೋಮ್ ರನ್. ಹುಡುಗ ಟೋಪಿ ತೆಗೆದು ಹಣೆ ಒರೆಸಿಕೊಂಡ. ಡಗೌಟ್‌ನ ಮೆಟ್ಟಿಲ ಮೇಲೆ ನಿಂತಿದ್ದ ಆ ಕೋಚ್ ಎರಡು ಸಲ ಚಪ್ಪಾಳೆ ತಟ್ಟಿ, ತಲೆಯಾಡಿಸಿದರು.

"ಅಪ್ಪ, ಅವ್ನಿಗೆ ಹೊಡೆದ್ರೂ ಕೋಚ್ ಯಾಕೆ ಚಪ್ಪಾಳೆ ತಟ್ತಿದಾರೆ?"

ನನಗೆ ಆಗ ಉತ್ತರ ಗೊತ್ತಿರಲಿಲ್ಲ. ಪಕ್ಕದ ಸೀಟಿನಲ್ಲಿ ಕೂತು ಪೆನ್ಸಿಲ್ ಹಿಡಿದು ಸ್ಕೋರ್ ಬರೆದುಕೊಳ್ಳುತ್ತಿದ್ದ ಹಿರಿಯರೊಬ್ಬರು ನಮ್ಮ ಕಡೆ ತಿರುಗಿ, ನಾವು ಯಾವ ಭಾಷೆಯಲ್ಲಿ ಮಾತಾಡಿದೆವೆಂದು ತಿಳಿಯದಿದ್ದರೂ ಪ್ರಶ್ನೆ ಏನೆಂದು ಮಗುವಿನ ಮುಖದಿಂದಲೇ ಊಹಿಸಿ, ಹೇಳಿದರು: ಅವನ ಫಾಸ್ಟ್‌ಬಾಲ್ ಇಲ್ಲಿ ಯಾರ ಬ್ಯಾಟಿಗೂ ತಾಗುವುದಿಲ್ಲಮ್ಮ. ಅದನ್ನೇ ಎಸೆದು ಇವತ್ತು ಗೆದ್ದುಬಿಡಬಹುದು. ಹಾಗೆ ಗೆದ್ದರೆ ಕಲಿತದ್ದೇನು?

ಈ ಮಾತು ಅವತ್ತಿನಿಂದ ನನ್ನ ತಲೆಯಲ್ಲಿ ಕೂತಿದೆ.

ನಾವಿರುವುದು ನಾರ್ತ್ ಕೆರೊಲಿನಾದ ಷಾರ್ಲಟ್‌ನಲ್ಲಿ. ಅಲ್ಲಿಂದ ಉತ್ತರಕ್ಕೆ ಸುಮಾರು 40 ಕಿಲೋಮೀಟರ್ ದೂರದಲ್ಲಿ ಕನ್ನಾಪೊಲಿಸ್ ಎಂಬ ಸಣ್ಣ ಊರಿದೆ. ಹೆದ್ದಾರಿಯ ಹಸಿರು ಫಲಕದಲ್ಲಿ ಆ ಹೆಸರನ್ನು ಮೊದಲ ಸಲ ಓದಿದಾಗ, ಈ ನಾಡಿನಲ್ಲಿ 'ಕನ್ನ' ಎಂಬ ಅಕ್ಷರ ಕಂಡದ್ದಕ್ಕೇ ಮನಸ್ಸು ಒಂದು ಕ್ಷಣ ಅರಳಿತ್ತು. ಹೆಸರಿನ ಮೂಲ ಬೇರೆ. ಕ್ಯಾನನ್ ಎಂಬ ಮನೆತನದವರು ಕಟ್ಟಿದ ಗಿರಣಿಯ ಊರು ಅದು. ಒಂದು ಕಾಲಕ್ಕೆ ಅಮೆರಿಕದ ಮನೆಮನೆಯ ಟವೆಲ್ಲುಗಳು ಅಲ್ಲಿಂದ ಬರುತ್ತಿದ್ದವು. 2003ರಲ್ಲಿ ಗಿರಣಿ ಮುಚ್ಚಿದಾಗ ರಾಜ್ಯದಲ್ಲಿ 4 ಸಾವಿರಕ್ಕೂ ಹೆಚ್ಚು ಜನ ಒಮ್ಮೆಲೇ ಕೆಲಸ ಕಳೆದುಕೊಂಡರು. ಈಗ ಅದೇ ಪೇಟೆಯ ನಡುವೆ ಐದು ಸಾವಿರ ಜನ ಹಿಡಿಯುವ ಚೊಕ್ಕ ಬೇಸ್‌ಬಾಲ್ ಮೈದಾನವಿದೆ. 2020ಕ್ಕೆ ಸಿದ್ಧವಾಯಿತು; ಆ ವರ್ಷ ಕೋವಿಡ್‌ನಿಂದ ಇಡೀ ಮೈನರ್ ಲೀಗ್, ಅಂದರೆ ಕೆಳಹಂತದ ಲೀಗು, ರದ್ದಾಗಿ, 2021ರಲ್ಲಿ ಮೊದಲ ಚೆಂಡು ಬಿತ್ತು. ಅಲ್ಲಿಯ ತಂಡದ ಹೆಸರು ಕ್ಯಾನನ್ ಬಾಲರ್ಸ್.

ಷಿಕಾಗೊ ವೈಟ್ ಸಾಕ್ಸ್ ಎಂಬ ದೊಡ್ಡ ತಂಡದ ಕೆಳಗಿನ ತಂಡ ಇದು. ದೊಡ್ಡ ಲೀಗಿನಲ್ಲಿ 30 ತಂಡಗಳಿವೆ, ಪ್ರತಿಯೊಂದಕ್ಕೂ ಕೆಳಗೆ ನಾಲ್ಕು ಮೆಟ್ಟಿಲು: ಸಿಂಗಲ್ ಎ, ಹೈ ಎ, ಡಬಲ್ ಎ, ಟ್ರಿಪಲ್ ಎ. ಒಟ್ಟು 120 ಊರು, 120 ತಂಡ. ಅದಕ್ಕೂ ಕೆಳಗೆ ಫ್ಲೋರಿಡಾ ಮತ್ತು ಅರಿಜೋನಾದಲ್ಲಿ ಹೊಸಬರ ಲೀಗುಗಳು, ಡೊಮಿನಿಕನ್ ರಿಪಬ್ಲಿಕ್‌ನಲ್ಲಿ ಒಂದು ಬೇಸಿಗೆ ಲೀಗು. ನಮ್ಮ ಅದೃಷ್ಟಕ್ಕೆ ವೈಟ್ ಸಾಕ್ಸ್‌ನ ನಾಲ್ಕು ಮೆಟ್ಟಿಲಲ್ಲಿ ಮೂರು ನಮ್ಮ ರಾಜ್ಯದಲ್ಲೇ ಇವೆ. ಕೆಳಗೆ ಕನ್ನಾಪೊಲಿಸ್, ಆಮೇಲೆ ವಿನ್‌ಸ್ಟನ್-ಸೇಲಂ, ಮಧ್ಯೆ ಅಲಬಾಮಾದ ಬರ್ಮಿಂಗ್‌ಹ್ಯಾಂ, ಕೊನೆಗೆ ನಮ್ಮ ಷಾರ್ಲಟ್. ಕನ್ನಾಪೊಲಿಸ್‌ನಲ್ಲಿ ಮೀಸೆ ಚಿಗುರುವಾಗ ನೋಡಿದ ಹುಡುಗ ಎರಡು ಮೂರು ವರ್ಷದ ನಂತರ ನಮ್ಮೂರಿನ ಗಗನಚುಂಬಿಗಳ ನಡುವಿನ ಮೈದಾನದಲ್ಲಿ ಗಡ್ಡ ಬಿಟ್ಟುಕೊಂಡು ಆಡುವುದನ್ನು ನೋಡಬಹುದು. ಅಲ್ಲಿಂದ ಮುಂದೆ ಷಿಕಾಗೊ, ವಿಮಾನದಲ್ಲಿ ಎರಡು ಗಂಟೆ. ಬಹುಪಾಲು ಹುಡುಗರು ಆ ವಿಮಾನ ಹತ್ತುವುದಿಲ್ಲ.

ಈ ವ್ಯವಸ್ಥೆಗೆ ಇಲ್ಲಿನವರು ಫಾರ್ಮ್ ಎನ್ನುತ್ತಾರೆ, ಹೊಲ ಅಂತ. 1920ರ ದಶಕದಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡವನ್ನು ನಡೆಸುತ್ತಿದ್ದ ಬ್ರಾಂಚ್ ರಿಕಿ ಎಂಬವರು ಇದಕ್ಕೆ ಅಡಿಪಾಯ ಹಾಕಿದರು. ಅವರ ತಂಡದ ಕೈಯಲ್ಲಿ ದುಡ್ಡಿರಲಿಲ್ಲ. ಸಣ್ಣ ಊರಿನ ತಂಡಗಳು ಬೆಳೆಸಿದ ಒಳ್ಳೆಯ ಆಟಗಾರರನ್ನು ನ್ಯೂಯಾರ್ಕ್‌ನಂಥ ಶ್ರೀಮಂತರು ಕೊಂಡುಕೊಂಡು ಹೋಗುತ್ತಿದ್ದರು. ಕೊಳ್ಳಲಾಗದಿದ್ದರೆ ಬೆಳೆದುಕೊಳ್ಳೋಣ ಎಂದು ರಿಕಿ ಆ ಸಣ್ಣ ತಂಡಗಳನ್ನೇ ತಮ್ಮ ಹಿಡಿತಕ್ಕೆ ತಂದುಕೊಂಡರು. ಇದೇ ರಿಕಿ ಮುಂದೆ ಬ್ರೂಕ್ಲಿನ್ ಡಾಜರ್ಸ್‌ಗೆ ಹೋಗಿ, 1945ರಲ್ಲಿ ಕಪ್ಪು ಆಟಗಾರ ಜಾಕಿ ರಾಬಿನ್‌ಸನ್‌ಗೆ ಸಹಿ ಹಾಕಿಸಿ, ಒಂದು ವರ್ಷ ಮಾಂಟ್ರಿಯಲ್‌ನ ಮೈನರ್ ಲೀಗ್ ತಂಡದಲ್ಲಿ ಆಡಿಸಿ, 1947ರಲ್ಲಿ ದೊಡ್ಡ ಲೀಗಿನ ವರ್ಣಭೇದದ ಗೋಡೆ ಒಡೆದರು. ನನಗೆ ಹೊಲ ಅನ್ನುವುದಕ್ಕಿಂತ ಸಸಿಮಡಿ ಅನ್ನುವುದು ಸರಿ ಅನ್ನಿಸುತ್ತದೆ. ಪೈರು ಫಲ ಕೊಡುವುದು ಬೇರೆ ಗದ್ದೆಯಲ್ಲಿ. ಇಲ್ಲಿ ಒತ್ತೊತ್ತಾಗಿ ಬಿತ್ತುತ್ತಾರೆ, ನೀರು ಹಾಯಿಸುತ್ತಾರೆ, ಕಿತ್ತು ನೆಡುವ ದಿನಕ್ಕೆ ಕಾಯುತ್ತಾರೆ.

ಸಸಿಮಡಿಯಲ್ಲಿ ಇಳುವರಿಯ ಲೆಕ್ಕ ಯಾರೂ ಇಡುವುದಿಲ್ಲವಲ್ಲ, ಕನ್ನಾಪೊಲಿಸ್‌ನಲ್ಲೂ ಹಾಗೇ. ಸ್ಕೋರ್‌ಬೋರ್ಡ್ ಇದೆ, ಜನ ಕೂಗುತ್ತಾರೆ, ಹುಡುಗರಿಗೂ ಗೆಲ್ಲುವ ಆಸೆಯಿದೆ. ಆದರೆ ಪಿಚರ್ ಎಷ್ಟು ಎಸೆತ ಎಸೆಯಬೇಕು, ಯಾವ ದಿನ ಆಡಬೇಕು, ಯಾವ ಎಸೆತವನ್ನು ತಿದ್ದಬೇಕು ಎಂಬುದೆಲ್ಲ ಮೇಲಿನಿಂದ ಬಂದ ಪಾಠಪಟ್ಟಿ. ಮಂಗಳವಾರದಿಂದ ಭಾನುವಾರದವರೆಗೆ ಒಂದೇ ಎದುರಾಳಿಯ ಜೊತೆ ಆರು ಆಟ, ಸೋಮವಾರ ರಜೆ. ಆಟ ಶುರು ಮಾಡುವ ಪಿಚರ್‌ಗೆ ಸಾಮಾನ್ಯವಾಗಿ ವಾರಕ್ಕೊಂದು ಸರದಿ. ಅವನು ಚೆನ್ನಾಗಿ ಎಸೆಯುತ್ತಿದ್ದರೂ ಲೆಕ್ಕದ ಎಸೆತ ಮುಗಿದೊಡನೆ ಕೋಚ್ ಬಂದು ಚೆಂಡು ಇಸಿದುಕೊಳ್ಳುತ್ತಾರೆ. ಜನ ಗೊಣಗುತ್ತಾರೆ. ಮೊಣಕೈಯ ಒಳಗಿನ ಒಂದು ಅಸ್ಥಿರಜ್ಜು ಹರಿದರೆ ಒಂದು ವರ್ಷಕ್ಕೂ ಮಿಕ್ಕಿ ಮನೆ. 1974ರಲ್ಲಿ ಡಾಕ್ಟರ್ ಫ್ರಾಂಕ್ ಜೋಬ್ ಅವರು ಟಾಮಿ ಜಾನ್ ಎಂಬ ಪಿಚರ್‌ಗೆ ಮೊದಲ ಸಲ ಮಾಡಿದ ಆ ಶಸ್ತ್ರಚಿಕಿತ್ಸೆಗೆ ರೋಗಿಯ ಹೆಸರೇ ಅಂಟಿಕೊಂಡಿದೆ. ಈಗ ಕಾಲೇಜು ಹುಡುಗರ ಮೊಣಕೈಯಲ್ಲೂ ಆ ಗಾಯದ ಗುರುತು ಕಾಣುತ್ತದೆ. ವೇಗದ ಹುಚ್ಚಿಗೆ ತೆರುವ ದಂಡ ಅದು ಎಂದೇ ನನ್ನ ಅನಿಸಿಕೆ. ಪ್ರತಿ ಮೈದಾನದಲ್ಲೂ ಚೆಂಡು ಎಷ್ಟು ವೇಗ, ನಿಮಿಷಕ್ಕೆ ಎಷ್ಟು ಸುತ್ತು, ಎಷ್ಟು ಅಂಗುಲ ತಿರುಗಿತು ಎಂದು ಅಳೆಯುವ ಯಂತ್ರಗಳಿವೆ. ಅಳತೆ ಕಲಿಕೆಗೆ ಸಹಾಯ ಮಾಡುತ್ತದೆ, ನಿಜ. ಆದರೆ ಕಣ್ಣಿಗೆ ಕಾಣುವ ಸಂಖ್ಯೆಯನ್ನು ಏರಿಸುವ ಆಸೆ ಹತ್ತೊಂಬತ್ತರ ಹುಡುಗನಿಗೆ ಬಾರದಿರಲು ಹೇಗೆ ಸಾಧ್ಯ?

ಈಗ ರಾಯ್ ಹ್ಯಾಲಡೆ ಅವರ ವಿಷಯ ಹೇಳಬೇಕು. ಮಗಳ ಪ್ರಶ್ನೆಗೆ ನನಗೆ ಸಿಕ್ಕ ಅತ್ಯಂತ ದೊಡ್ಡ ಉತ್ತರ ಅವರ ಬದುಕಿನಲ್ಲಿದೆ.

1995ರಲ್ಲಿ ಟೊರಾಂಟೊ ಬ್ಲೂ ಜೇಸ್ ತಂಡ ಅವರನ್ನು ಮೊದಲ ಸುತ್ತಿನಲ್ಲೇ ಆರಿಸಿಕೊಂಡಿತು. 1998ರ ಸೆಪ್ಟೆಂಬರ್‌ನಲ್ಲಿ, ದೊಡ್ಡ ಲೀಗಿನ ತಮ್ಮ ಎರಡನೆಯ ಆಟದಲ್ಲೇ, ಒಂದೂ ಹಿಟ್ (ಚೆಂಡು ಹೊಡೆದು ಬೇಸ್ ಸೇರುವುದು) ಕೊಡದೆ ಆಟ ಮುಗಿಸಲು ಒಂದೇ ಒಂದು ಔಟ್ ಬಾಕಿಯಿತ್ತು. ಆಗ ಒಬ್ಬ ಹೋಮ್ ರನ್ ಹೊಡೆದ. ವಯಸ್ಸು 21. ಮುಂದಿನ ದಾರಿ ಹೂವಿನದೇ ಎಂದು ಎಲ್ಲರೂ ಅಂದುಕೊಂಡಿದ್ದರು. ಎರಡೇ ವರ್ಷದಲ್ಲಿ, 2000ದ ಸೀಸನ್‌ನಲ್ಲಿ, ಅವರು ಒಂಬತ್ತು ಇನಿಂಗ್ಸ್‌ಗೆ ಸರಾಸರಿ 10.64 ರನ್ ಬಿಟ್ಟುಕೊಡುತ್ತಿದ್ದರು. ನಾಲ್ಕರ ಆಸುಪಾಸಿದ್ದರೆ ಪರವಾಗಿಲ್ಲ ಅನ್ನುವ ಆಟ ಇದು. 50 ಇನಿಂಗ್ಸ್‌ಗಿಂತ ಹೆಚ್ಚು ಎಸೆದವರಲ್ಲಿ ಅಷ್ಟು ಕೆಟ್ಟ ವರ್ಷ ಅದುವರೆಗೆ ಯಾರಿಗೂ ಬಂದಿರಲಿಲ್ಲ.

2001ರಲ್ಲಿ ತಂಡ ಅವರನ್ನು ಕೆಳಕ್ಕೆ ಕಳಿಸಿತು. ಒಂದು ಮೆಟ್ಟಿಲು ಕೆಳಗೆ ಅಲ್ಲ, ಫ್ಲೋರಿಡಾದ ಡನೀಡನ್‌ನಲ್ಲಿದ್ದ ಎ ದರ್ಜೆಯ ತಂಡಕ್ಕೆ. ದೊಡ್ಡ ಮೈದಾನಗಳಲ್ಲಿ ಆಡಿಬಂದವರು ತಮಗಿಂತ ಕಿರಿಯರ ಜೊತೆ, ಬಸ್ಸಿನಲ್ಲಿ ಓಡಾಡುವ ಲೀಗಿಗೆ. ಅಲ್ಲಿ ಮೆಲ್ ಕ್ವೀನ್ ಎಂಬ ಹಳೆಯ ಪಿಚಿಂಗ್ ಕೋಚ್ ಅವರನ್ನು ಮೊದಲಿನಿಂದ ಕಟ್ಟಿದರು. ಹ್ಯಾಲಡೆಯವರ ಕೈ ತಲೆಯ ಮೇಲಿನಿಂದ ನೆಟ್ಟಗೆ ಬರುತ್ತಿತ್ತು, ಚೆಂಡು ನೇರವಾಗಿ ಹೋಗುತ್ತಿತ್ತು, ಎಷ್ಟೇ ವೇಗವಿದ್ದರೂ ಬ್ಯಾಟರ್‌ಗಳಿಗೆ ಅದು ಸ್ಪಷ್ಟವಾಗಿ ಕಾಣುತ್ತಿತ್ತು. ಕ್ವೀನ್ ಆ ಕೈಯನ್ನು ಕೆಳಗಿಳಿಸಿದರು, ಭುಜದಿಂದ ಓರೆಯಾಗಿ ಬರುವ ಹಾಗೆ. ಚೆಂಡು ಎರಡೂ ಕಡೆ ತಿರುಗಲು ಶುರುವಾಯಿತು.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮಮ್ಮ. ಮೈಸೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಅಮ್ಮ ಸಂಗೀತ ಪಾಠ ಹೇಳಿಕೊಡುತ್ತಿದ್ದರು. ಕೃತಿಗಳವರೆಗೆ ಬಂದಿದ್ದ ಒಬ್ಬ ಅಕ್ಕ ಇದ್ದಳು, ಒಳ್ಳೆಯ ಕಂಠ, ಗಣಪತಿ ಹಬ್ಬದ ಪೆಂಡಾಲಿನಲ್ಲಿ ಹಾಡಿ ಹೊಗಳಿಸಿಕೊಂಡವಳು. ಒಂದು ದಿನ ಅಮ್ಮ ಅವಳ ನೋಟ್‌ಬುಕ್ ಮುಚ್ಚಿಸಿ, ಸರಳೆ ವರಸೆಯಿಂದ ಶುರು ಮಾಡು ಅಂದರು, ಮೂರು ಕಾಲದಲ್ಲಿ, ಆಕಾರದಲ್ಲಿ. ಅವಳು ಅತ್ತಳು. ಅವಳ ತಾಯಿ ಬಂದು ಅಮ್ಮನ ಹತ್ತಿರ ಜಗಳವಾಡಿದರು. ಅಮ್ಮ ಹೇಳಿದ್ದು ಇಷ್ಟೇ: "ಉಸಿರು ತಪ್ಪಾದ ಜಾಗದಲ್ಲಿ ಕೂತಿದೆ ಕಣ್ರೀ. ಮೇಲೆ ಎಷ್ಟು ಕಟ್ಟಿದ್ರೂ ವಾಲತ್ತೆ." ಮಕ್ಕಳ ಸಾಲಿನ ಕೊನೆಯಲ್ಲಿ ಕೂತು ಅವಳು ಆರು ತಿಂಗಳು ಸರಿಗಮ ಹಾಡಿದಳು.

ಹ್ಯಾಲಡೆ ಅದೇ ವರ್ಷ ಜುಲೈ ಹೊತ್ತಿಗೆ ಮತ್ತೆ ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಬಂದರು. 2003ರಲ್ಲಿ ಲೀಗಿನ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ, 2010ರಲ್ಲಿ ಫಿಲಡೆಲ್ಫಿಯಾ ಪರವಾಗಿ ಮತ್ತೊಂದು. ಅದೇ 2010ರ ಮೇ 29ರಂದು ಎದುರಾಳಿಯ 27 ಮಂದಿಯಲ್ಲಿ ಒಬ್ಬನನ್ನೂ ಬೇಸ್ ಮುಟ್ಟಲು ಬಿಡದ ಪರ್ಫೆಕ್ಟ್ ಗೇಮ್. ಅಕ್ಟೋಬರ್‌ನಲ್ಲಿ ಪ್ಲೇಆಫ್ ಆಟವೊಂದರಲ್ಲಿ ಒಂದೂ ಹಿಟ್ ಕೊಡದ ಸಾಧನೆ. 2017ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು, 40ನೇ ವಯಸ್ಸಿಗೆ. 2019ರಲ್ಲಿ ಹಾಲ್ ಆಫ್ ಫೇಮ್‌ಗೆ ಸೇರಿದಾಗ ಅವರ ಪರವಾಗಿ ವೇದಿಕೆಯ ಮೇಲೆ ಮಾತಾಡಿದ್ದು ಅವರ ಹೆಂಡತಿ. ಆ ಎಲ್ಲ ದಾಖಲೆಗಳಿಗಿಂತ ನಾನು ಹೆಚ್ಚು ಸಲ ಊಹಿಸಿಕೊಳ್ಳುವುದು ಡನೀಡನ್‌ನ ಬೆಳಗಿನ ಬಿಸಿಲನ್ನು. ಖಾಲಿ ಮೈದಾನ, ಒಬ್ಬ ಮುದುಕ, ಕೈಯನ್ನು ಎತ್ತುವುದು ಹೇಗೆಂದು ಮತ್ತೆ ಕಲಿಯುತ್ತಿರುವ ಆರೂವರೆ ಅಡಿಯ ಯುವಕ. ಕೆಳಗೆ ಅಂಥದೊಂದು ಜಾಗ ಇಲ್ಲದಿದ್ದರೆ ಅವರು ಎಲ್ಲಿಗೆ ಹೋಗಬೇಕಿತ್ತು?

ಇಷ್ಟು ಹೇಳಿದ ಮೇಲೆ ಇನ್ನೊಂದು ಮುಖವನ್ನೂ ಹೇಳದಿದ್ದರೆ ಆ ಹುಡುಗರಿಗೆ ಅನ್ಯಾಯವಾಗುತ್ತದೆ. ದೊಡ್ಡ ತಂಡದಲ್ಲಿ ಇರುವುದು 26 ಜಾಗ. ಅದರ ಕೆಳಗೆ ಅಮೆರಿಕದೊಳಗೆ ಒಂದೊಂದು ತಂಡವೂ 165 ಮಂದಿ ಕಿರಿಯರವರೆಗೆ ಇಟ್ಟುಕೊಳ್ಳಬಹುದು. ಇವರಲ್ಲಿ ಬೆರಳೆಣಿಕೆಯ ಕೆಲವರ ಮೇಲೆ ತಂಡ ಲಕ್ಷಗಟ್ಟಲೆ ಡಾಲರ್ ಹಾಕಿರುತ್ತದೆ. ಉಳಿದವರು ಯಾಕೆ? ಆ ಕೆಲವರು ಕಲಿಯಬೇಕಾದರೆ ಎದುರಿಗೊಬ್ಬ ಬ್ಯಾಟ್ ಹಿಡಿದು ನಿಲ್ಲಬೇಕು, ಹಿಂದೊಬ್ಬ ಕ್ಯಾಚ್ ಹಿಡಿಯಬೇಕು, ಒಂಬತ್ತು ಜನ ತುಂಬಬೇಕು. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಎಲ್ಲ ಹುಡುಗರಿಗೂ ಗೊತ್ತಿರುತ್ತದೆ.

ಅವರನ್ನು ಇಟ್ಟುಕೊಂಡಿದ್ದ ರೀತಿ ಬಹಳ ವರ್ಷ ನಾಚಿಕೆಗೇಡಿನದಾಗಿತ್ತು. ಸಿಂಗಲ್ ಎ ಹುಡುಗನಿಗೆ 2022ರಲ್ಲೂ ವರ್ಷಕ್ಕೆ ಸುಮಾರು 11 ಸಾವಿರ ಡಾಲರ್, ಅದೂ ಆಟ ನಡೆಯುವ ತಿಂಗಳುಗಳಿಗೆ ಮಾತ್ರ. ಎರಡು ಕೋಣೆಯ ಅಪಾರ್ಟ್‌ಮೆಂಟಿನಲ್ಲಿ ಆರು ಜನ, ಗಾಳಿ ತುಂಬಿದ ಹಾಸಿಗೆ, ಬ್ರೆಡ್ಡಿಗೆ ಕಡಲೆಕಾಯಿ ಬೆಣ್ಣೆ ಸವರಿದ ಊಟ. ಊರಿನ ಕುಟುಂಬಗಳು ಮನೆಯಲ್ಲಿಟ್ಟುಕೊಂಡು ಸಾಕಿದ್ದರಿಂದ ಎಷ್ಟೋ ಹುಡುಗರು ದಡ ಮುಟ್ಟಿದರು. ಕನ್ನಾಪೊಲಿಸ್ ಮೈದಾನದಲ್ಲಿ ಪರಿಚಯವಾದ ಒಬ್ಬ ಅಜ್ಜಿ ಹಾಗೆ ಹದಿನಾಲ್ಕು ಬೇಸಿಗೆ ಹುಡುಗರನ್ನು ಇಟ್ಟುಕೊಂಡಿದ್ದವರು. ರಾತ್ರಿ ಹನ್ನೊಂದಕ್ಕೆ ಆಟ ಮುಗಿಸಿ ಬರುವವರಿಗೆ ಅನ್ನದ ಜೊತೆ ಕೆಂಪು ಬೀನ್ಸ್ ಕಾಳು ಬೇಯಿಸಿಡುವುದನ್ನು ಒಬ್ಬ ಡೊಮಿನಿಕನ್ ಹುಡುಗನ ತಾಯಿಯಿಂದ ಫೋನಿನಲ್ಲಿ ಕಲಿತರಂತೆ, ನಡುವೆ ಹುಡುಗನೇ ದುಭಾಷಿ. ಅಂಥವರಿಗೆ ಕೈಮುಗಿಯುತ್ತೇನೆ. ಆದರೆ ಕೋಟ್ಯಂತರ ಡಾಲರ್ ವಹಿವಾಟಿನ ಉದ್ಯಮವೊಂದು ತನ್ನ ಕೆಲಸಗಾರರ ಊಟವನ್ನು ಅಜ್ಜಿಯೊಬ್ಬರ ಒಳ್ಳೆಯತನಕ್ಕೆ ಬಿಟ್ಟದ್ದು ತಪ್ಪು.

ಹುಡುಗರೇ ಹೋರಾಡಿ ಬದಲಾಯಿಸಿಕೊಂಡರು. 2014ರಲ್ಲಿ ಹಾಕಿದ ಸಂಬಳದ ಮೊಕದ್ದಮೆ 2022ರಲ್ಲಿ 18.5 ಕೋಟಿ ಡಾಲರ್‌ಗೆ ಇತ್ಯರ್ಥವಾಯಿತು. 2022ರಿಂದ ವಸತಿ ತಂಡದ ಹೊಣೆ. ಅದೇ ವರ್ಷ ಅವರೆಲ್ಲ ಆಟಗಾರರ ಸಂಘಕ್ಕೆ ಸೇರಿದರು. 2023ರ ಮೊದಲ ಒಪ್ಪಂದದಲ್ಲಿ ಸಿಂಗಲ್ ಎ ಕನಿಷ್ಠ ಸಂಬಳ 26,200 ಡಾಲರ್‌ಗೆ, ಟ್ರಿಪಲ್ ಎ 35,800ಕ್ಕೆ ಏರಿತು. ಆ ವರ್ಷ ದೊಡ್ಡ ಲೀಗಿನ ಕನಿಷ್ಠ ಸಂಬಳ 7,20,000 ಡಾಲರ್. ಹಸಿದ ಹುಡುಗ ಚೆನ್ನಾಗಿ ಕಲಿಯುತ್ತಾನೆ ಎಂಬ ಹಳೆಯ ನಂಬಿಕೆ ಇನ್ನೂ ಕೆಲವರ ಬಾಯಲ್ಲಿ ಬರುತ್ತದೆ. ನಾನು ಒಪ್ಪುವುದಿಲ್ಲ. ನಿದ್ದೆ, ಊಟ ಸರಿಯಿಲ್ಲದ ದೇಹಕ್ಕೆ ಯಾವ ಕೋಚ್ ಏನು ಕಲಿಸಿಯಾರು?

ಇನ್ನೊಂದು ಬದಲಾವಣೆ ನನಗೆ ಹಿಡಿಸಲಿಲ್ಲ. ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್ ಮೊದಲು 40 ಸುತ್ತು ನಡೆಯುತ್ತಿತ್ತು, 2021ರಿಂದ 20 ಸುತ್ತು ಮಾತ್ರ. 160 ಇದ್ದ ತಂಡಗಳನ್ನೂ ಅದೇ ಹೊತ್ತಿಗೆ 120ಕ್ಕೆ ಇಳಿಸಿದರು. ವೈಟ್ ಸಾಕ್ಸ್‌ನ ಮಾರ್ಕ್ ಬ್ಯೂರ್ಲಿ 1998ರಲ್ಲಿ ಆಯ್ಕೆಯಾದದ್ದು 38ನೇ ಸುತ್ತಿನಲ್ಲಿ. ಅವರು 2005ರಲ್ಲಿ ತಂಡದ ಜೊತೆ ವರ್ಲ್ಡ್ ಸೀರೀಸ್ ಗೆದ್ದರು, 2009ರಲ್ಲಿ ಪರ್ಫೆಕ್ಟ್ ಗೇಮ್ ಎಸೆದರು, ಒಟ್ಟು 214 ಆಟ ಗೆದ್ದರು. ಈಗ ಆ ಸುತ್ತೇ ಇಲ್ಲ.

ಮೈನರ್ ಲೀಗು ಎಷ್ಟು ಕಠಿಣ ಎನ್ನುವುದಕ್ಕೆ ಇದೇ ವೈಟ್ ಸಾಕ್ಸ್ ಮೆಟ್ಟಿಲಿನ ಒಂದು ನಿದರ್ಶನ. 1994ರಲ್ಲಿ ಬ್ಯಾಸ್ಕೆಟ್‌ಬಾಲ್‌ನ ಮೈಕಲ್ ಜೋರ್ಡನ್ ಬರ್ಮಿಂಗ್‌ಹ್ಯಾಂ ತಂಡಕ್ಕೆ ಆಡಿದರು. ಸರಾಸರಿ .202, ಅಂದರೆ ಹತ್ತಕ್ಕೆ ಎರಡು ಹಿಟ್, ಇಡೀ ವರ್ಷಕ್ಕೆ ಮೂರು ಹೋಮ್ ರನ್. ಅಷ್ಟು ದೊಡ್ಡ ಕ್ರೀಡಾಪಟುವಿನ ದೇಹ, ಛಲ ಎಲ್ಲ ಇದ್ದೂ ತಿರುಗುವ ಚೆಂಡನ್ನು ಓದಲು ವರ್ಷಗಳೇ ಬೇಕು. ಅದಕ್ಕೇ ನಮ್ಮವರಾದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ಬಗ್ಗೆ ನನಗೆ ತುಂಬಾ ಗೌರವ. ಉತ್ತರ ಪ್ರದೇಶದ ಹಳ್ಳಿಗಳ ಜಾವೆಲಿನ್ ಹುಡುಗರು. 2008ರಲ್ಲಿ ಟಿವಿ ಸ್ಪರ್ಧೆಯೊಂದರಲ್ಲಿ ವೇಗವಾಗಿ ಎಸೆದು ಗೆಲ್ಲುವ ತನಕ ಬೇಸ್‌ಬಾಲ್ ಆಡಿದವರೇ ಅಲ್ಲ. ಅದೇ ವರ್ಷ ಪಿಟ್ಸ್‌ಬರ್ಗ್ ಪೈರೇಟ್ಸ್ ಸಹಿ ಹಾಕಿಸಿಕೊಂಡಿತು. ದಿನೇಶ್ ಎರಡು ವರ್ಷಕ್ಕೆ ಮರಳಿದರು. ರಿಂಕು ಸಿಂಗಲ್ ಎ ಮಟ್ಟದ ವೆಸ್ಟ್ ವರ್ಜೀನಿಯಾ ಪವರ್ ತಂಡದವರೆಗೆ ಏರಿದರು. ಆಗ ಕನ್ನಾಪೊಲಿಸ್ ಕೂಡ ಅದೇ ಲೀಗಿನಲ್ಲಿತ್ತು. ಆಮೇಲೆ ಗಾಯಗಳು ಬಿಡಲಿಲ್ಲ. ದೊಡ್ಡ ಲೀಗ್ ಮುಟ್ಟಲಿಲ್ಲವೆಂದು ಕೆಲವರು ಅದನ್ನು ಸೋಲಿನ ಕಥೆಯಾಗಿ ಹೇಳುತ್ತಾರೆ. ಇಪ್ಪತ್ತರ ವಯಸ್ಸಿಗೆ ಅಕ್ಷರಾಭ್ಯಾಸ ಶುರು ಮಾಡಿ, ಆರನೇ ವಯಸ್ಸಿನಿಂದ ಆಡಿದವರನ್ನು ಔಟ್ ಮಾಡಿದ್ದು ಸೋಲೇ?

ಡ್ರೂ ಮ್ಯಾಗಿ 13 ವರ್ಷ ಮೈನರ್ ಲೀಗಿನಲ್ಲಿದ್ದರು. 1,155 ಆಟ. 2023ರ ಏಪ್ರಿಲ್ 26ರಂದು, 33ನೇ ವಯಸ್ಸಿನಲ್ಲಿ, ಪಿಟ್ಸ್‌ಬರ್ಗ್ ಅವರನ್ನು ಮೊದಲ ಸಲ ಬ್ಯಾಟಿಂಗ್‌ಗೆ ಇಳಿಸಿತು. ಇಡೀ ಮೈದಾನ ಎದ್ದು ನಿಂತಿತು. ಅವರು ಸ್ಟ್ರೈಕ್‌ಔಟ್ ಆದರು. ಜನ ಮತ್ತೆ ಚಪ್ಪಾಳೆ ತಟ್ಟಿದರು. ಆ ವಿಡಿಯೊವನ್ನು ನಾನು ಮಗಳಿಗೆ ತೋರಿಸಿದಾಗ ಅವಳು ಕೇಳಿದ್ದು, "ಹದಿಮೂರು ವರ್ಷ ಅಂದ್ರೆ ನನಗಿಂತ ದೊಡ್ಡದಲ್ವಾ ಅಪ್ಪ?" ಹೌದು ಪುಟ್ಟ, ನಿನ್ನ ಇಡೀ ಆಯಸ್ಸಿಗಿಂತ ಮೂರು ವರ್ಷ ಜಾಸ್ತಿ.

ಈ ವರ್ಷ ಏಪ್ರಿಲ್‌ನಲ್ಲಿ ಮತ್ತೆ ಕನ್ನಾಪೊಲಿಸ್‌ಗೆ ಹೋದೆವು. ಕಳೆದ ವರ್ಷದ ಹುಡುಗರಲ್ಲಿ ಕೆಲವರು ವಿನ್‌ಸ್ಟನ್-ಸೇಲಂಗೆ ಏರಿದ್ದರು. ಇಬ್ಬರ ಹೆಸರು ಯಾವ ಪಟ್ಟಿಯಲ್ಲೂ ಇರಲಿಲ್ಲ. ಮಾರ್ಚ್ ಕೊನೆಯಲ್ಲಿ ಬಿಟ್ಟುಕಳಿಸಿದ್ದರೆಂದು ಸ್ಕೋರ್ ಬರೆಯುವ ಹಿರಿಯರು ಹೇಳಿದರು. ಚೇಂಜ್‌ಅಪ್ ಹುಡುಗ ಅಲ್ಲೇ ಇದ್ದ. ಅದೇ ತರಗತಿಯಲ್ಲಿ ಎರಡನೇ ವರ್ಷ. ಮೈ ಸ್ವಲ್ಪ ತುಂಬಿತ್ತು. ಮೈದಾನದ ಅಂಚಿನ ಕಡೆ ಚೆಂಡು ಗಾಳಿಗೆ ಏರಿದಾಗ ಎಡಗಡೆಯ ಫೀಲ್ಡರ್ ಸ್ಪ್ಯಾನಿಷ್‌ನಲ್ಲಿ, ಮಧ್ಯದವನು ಇಂಗ್ಲಿಷ್‌ನಲ್ಲಿ "ನಂದು, ನಂದು" ಎಂದು ಕೂಗುತ್ತಿದ್ದರು, ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯದ ಹಾಗೆ.

ನಾಲ್ಕನೇ ಇನಿಂಗ್ಸ್. ಮೂರೂ ಬೇಸ್ ತುಂಬಿತ್ತು. ಎಣಿಕೆ ಮೂರು ಬಾಲ್, ಎರಡು ಸ್ಟ್ರೈಕ್. ಗುರಿಯ ಚೌಕದ ಹೊರಗೆ ಹೋಗಿ, ಬ್ಯಾಟರ್ ಬೀಸದೆ ಬಿಟ್ಟ ಎಸೆತ ಬಾಲ್; ಚೌಕದೊಳಗೆ ಬಂದದ್ದು ಅಥವಾ ಬೀಸಿ ತಪ್ಪಿದ್ದು ಸ್ಟ್ರೈಕ್, ಮೂರಾದರೆ ಔಟ್. ಇನ್ನೊಂದು ಬಾಲ್ ಆದರೆ ಎದುರಾಳಿಗೆ ಬಿಟ್ಟಿ ರನ್. ಇಂಥ ಹೊತ್ತಿನಲ್ಲಿ ಯಾರಿಗಾದರೂ ಕೈಗೆ ಬರುವುದು ಫಾಸ್ಟ್‌ಬಾಲ್. ಕ್ಯಾಚರ್ ಬೆರಳಲ್ಲಿ ಸನ್ನೆ ಮಾಡಿದ. ಹುಡುಗ ತಲೆಯಾಡಿಸಿ, ಗ್ಲೌಸಿನೊಳಗೆ ಕೈಯಿಟ್ಟು ತುಸು ಹೊತ್ತು ನಿಂತ.

"ಅದೇ ಎಸೀತಾನೆ" ಅಂದಳು ಮಗಳು, ನನ್ನ ತೋಳು ಹಿಡಿದು.

ಎಸೆದ. ಕೈ ಪೂರ್ತಿ ವೇಗದಲ್ಲಿ ಬಂತು. ಚೆಂಡು ಮಧ್ಯದವರೆಗೆ ತೇಲಿಬಂದು, ಕೊನೆಯಲ್ಲಿ ಕುಸಿದು, ಬ್ಯಾಟರ್‌ನ ಮೊಣಕಾಲಿಗಿಂತ ಒಂದು ಗೇಣು ಕೆಳಗೆ ಹೋಯಿತು. ಬ್ಯಾಟರ್ ಅರ್ಧ ಬೀಸಿ ತಡೆದುಕೊಂಡ. ಬಾಲ್ ನಾಲ್ಕು. ಮೂರನೇ ಬೇಸಿನವನು ನಡೆದುಕೊಂಡೇ ಬಂದು ರನ್ ಮುಗಿಸಿದ. ಅಂಪೈರ್ ಹೊಸ ಚೆಂಡು ಎಸೆದರು. ಹುಡುಗ ಅದನ್ನು ಎರಡೂ ಅಂಗೈಯಲ್ಲಿ ಉಜ್ಜಿ, ಹಿಂದಿರುಗಿ ಪಿಚರ್ ನಿಂತು ಎಸೆಯುವ ದಿಬ್ಬ ಹತ್ತುತ್ತಾ ಹೆಬ್ಬೆರಳು ತೋರುಬೆರಳು ಸೇರಿಸಿ ಮತ್ತೆ ಅದೇ ಉಂಗುರ ಮಾಡಿದ.